ಟೈರಿನ ಮೇಲಿನ ತೀರ್ಪು

ನಮ್ಮ ಬೀದಿಯ ಕೊನೆಯಲ್ಲಿರುವ ತಗಡಿನ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುವವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಕರೆಂಟ್ ಬಿಲ್ಲು ಬಿಟ್ಟರೆ ಬೇರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಊರಿಗೆಲ್ಲ ಅವನು ಕಿವಿಯಪ್ಪ.

ನೋಡುವುದಕ್ಕೆ ಆ ಕಿವಿಗಳಲ್ಲಿ ವಿಶೇಷವೇನೂ ಇರಲಿಲ್ಲ. ಬಲಗಿವಿಯ ಸಂದಿಯಲ್ಲಿ ಒಂದು ಸೀಮೆಸುಣ್ಣದ ತುಂಡು, ಎಡಗಿವಿಯ ಹಿಂದೆ ಸ್ವಲ್ಪ ಗ್ರೀಸು. ಆದರೆ ಅವನು ಅವುಗಳನ್ನು ಹೊತ್ತು ತಿರುಗುತ್ತಿದ್ದ ಗತ್ತು ನೋಡಿದರೆ, ಉಳಿದ ಮೈಯೆಲ್ಲ ಕಿವಿಗಳಿಗೆ ಆಧಾರವಾಗಿ ಕೊಟ್ಟ ಸ್ಟ್ಯಾಂಡು ಅನ್ನಿಸುತ್ತಿತ್ತು.

ಬೇರೆ ಮೆಕ್ಯಾನಿಕ್ಕುಗಳು ಕಾರು ಬಂದ ಕೂಡಲೇ ಬಾನೆಟ್ ಎತ್ತುತ್ತಾರೆ, ಚಕ್ರ ಬಿಚ್ಚುತ್ತಾರೆ, ಗಿರಾಕಿಗೆ ಭಯ ಹುಟ್ಟುವಷ್ಟು ಸಾಮಾನು ನೆಲದ ಮೇಲೆ ಹರಡುತ್ತಾರೆ. ಕಿವಿಯಪ್ಪ ಹಾಗಲ್ಲ. ಕೈ ಒರೆಸಿಕೊಂಡು ಹಿಂದಿನ ಸೀಟಿನಲ್ಲಿ ಮಹಾರಾಜರ ಹಾಗೆ ಕೂತು, ಕಣ್ಣು ಮುಚ್ಚಿ, "ನಡೀರಿ" ಅನ್ನುತ್ತಿದ್ದ. ಗಿರಾಕಿ ಓಡಿಸಬೇಕು. ದಾರಿ ಯಾವಾಗಲೂ ಒಂದೇ. ನೀರಿನ ಟ್ಯಾಂಕಿನ ಸುತ್ತ ಒಂದು ಸುತ್ತು, ಶಾಲೆಯ ಮುಂದಿನ ಎರಡು ಹಂಪು, ಅಂಚೆ ಕಚೇರಿಯ ಎದುರು ಒಂದು ಬ್ರೇಕು, ವಾಪಸ್ಸು. ರೇಡಿಯೋ ಹಾಕುವಂತಿಲ್ಲ, ಮಾತಾಡುವಂತಿಲ್ಲ. ದಪ್ಪ ಗಿರಾಕಿಯೊಬ್ಬರಿಗೆ "ಉಸಿರು ಸ್ವಲ್ಪ ಮೆತ್ತಗೆ ಬಿಡಿ ಸಾರ್, ಸಸ್ಪೆನ್ಷನ್ ಕೇಳಿಸ್ತಿಲ್ಲ" ಅಂದದ್ದನ್ನು ನಾನೇ ಕೇಳಿದ್ದೇನೆ.

ಶೆಡ್ಡಿಗೆ ಬಂದಮೇಲೆ ಕೆಳಗಿಳಿದು, ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು, ಯಾವ ಚಕ್ರದ್ದು ತಂಟೆಯೋ ಆ ಟೈರಿನ ಮೇಲೆ ತೀರ್ಪು ಬರೆಯುತ್ತಿದ್ದ. "ಪ್ಯಾಡ್." "ಬುಶ್." "ಬೇರಿಂಗ್." ಆಮೇಲಷ್ಟೇ ಜಾಕಿ. ಬರೆಯುವ ಮುಂಚೆ ನಟ್ಟಿಗೆ ಸ್ಪ್ಯಾನರ್ ತಾಗುವಂತಿಲ್ಲ. "ಏನಿಲ್ಲ" ಅಂತ ಬರೆದರೆ ಆ ಚಕ್ರವನ್ನು ಬಿಚ್ಚುವಂತೆಯೇ ಇಲ್ಲ. ಏನಿಲ್ಲ ಅಂದಮೇಲೂ ಬಿಚ್ಚಿ ನೋಡುವುದು ಸೀಮೆಸುಣ್ಣಕ್ಕೆ ಮಾಡಿದ ಅವಮಾನ ಅನ್ನುವುದು ಅವನ ಸಿದ್ಧಾಂತ. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಬರೆದದ್ದನ್ನು ಅಳಿಸಿಲ್ಲ ಎಂದು, ಯಾರೂ ಕೇಳದಿದ್ದರೂ, ಹೇಳುತ್ತಿದ್ದ.

ಸುಳ್ಳೇನೂ ಅಲ್ಲ. ದೊಡ್ಡದೊಂದು ವರ್ಕ್‌ಶಾಪಿನವರು ಹದಿನೈದು ದಿನ ಇಟ್ಟುಕೊಂಡು, ಅಡಿಯಿಂದ ಮುಡಿಯವರೆಗೆ ಬಿಚ್ಚಿ ಜೋಡಿಸಿ, "ಇದು ಈ ಮಾಡೆಲ್ಲಿನ ಗುಣ ಸಾರ್" ಎಂದು ಕೈಮುಗಿದು ಕಳಿಸಿದ್ದ ವಕೀಲರ ಕಾರು ಇಲ್ಲಿಗೆ ಬಂತು. ತಿರುವಿನಲ್ಲೆಲ್ಲ ಕಟಕಟ. ಕಿವಿಯಪ್ಪ ಟ್ಯಾಂಕು ಸುತ್ತುವುದರೊಳಗೆ ಕಣ್ಣು ಬಿಟ್ಟು, ಇಳಿದು ಬಂದು ಹಿಂದಿನ ಬಲಟೈರಿನ ಮೇಲೆ "ಬಾಗಿಲು, ಗೋಲಿ" ಎಂದು ಬರೆದ. ಬಾಗಿಲ ಒಳಹಲಗೆ ಬಿಚ್ಚಿದರೆ ವಕೀಲರ ಮೊಮ್ಮಗನ ಹಸಿರು ಗೋಲಿ ಹೊರಗೆ ಉರುಳಿತು. ಎದುರು ಪಕ್ಷದ ಸಾಕ್ಷಿ ಹಾಗೆ ಬಾಯಿಬಿಟ್ಟಿದ್ದರೆ ವಕೀಲರು ಎಷ್ಟು ಬೆರಗಾಗುತ್ತಿದ್ದರೋ ಅಷ್ಟೇ ಬೆರಗಾದರು.

ಮದುವೆಯೂ ಕಿವಿಯಿಂದಲೇ ಆದದ್ದು. ಹೆಣ್ಣು ನೋಡಲು ಹೋದವನು ಹೆಣ್ಣಿನ ಕಡೆ ತಿರುಗುವ ಮೊದಲೇ, "ನಿಮ್ಮ ಗೇಟಿನ ಮೇಲಿನ ಕೀಲು ಸವೆದಿದೆ, ಕೆಳಗಿನದು ಸರಿ ಇದೆ" ಅಂದನಂತೆ. ಮಾವನವರು ಎದ್ದು ಹೋಗಿ ನೋಡಿ, ನಿಜ ಅಂದರಂತೆ. "ನಮ್ಮಪ್ಪ ನನ್ನನ್ನ ಕೊಟ್ಟಿದ್ದು ಗೇಟು ರಿಪೇರಿ ಆಗ್ಲಿ ಅಂತ" ಅಂತ ಅವನ ಹೆಂಡತಿ ಈಗಲೂ ಹೇಳುತ್ತಾರೆ.

ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನು ಇಟ್ಟುಕೊಂಡವರು. ಶೆಡ್ಡಿನ ಪಾಠಗಳನ್ನೆಲ್ಲ ಊಟದ ಹೊತ್ತಿಗೆ ಇಪ್ಪತ್ತೈದು ವರ್ಷ ಕೇಳಿ ಕೇಳಿ, ದಾರದ ಬಾಬಿನ್ನಿನ ಬಗ್ಗೆಯೂ ಬೇರಿಂಗಿನ ಬಗ್ಗೆಯೂ ಸಮನಾಗಿ ಮಾತಾಡಬಲ್ಲವರು. ಅನ್ನ ಕಲಸುತ್ತ ಅವನು ಹೇಳುತ್ತಿದ್ದ: "ಬ್ರೇಕ್ ಪ್ಯಾಡಿಗೆ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರ್ತಾರೆ. ಪ್ಯಾಡು ಸವೆದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕುಂಯ್ ಅನ್ನುತ್ತೆ. ನಾನು ಸಾಯ್ತಿದೀನಿ ಅಂತ ಅದು ಹೇಳೋದು ಕುಂಯ್. ಸತ್ತೆ ಅಂತ ಹೇಳೋದು ಗರಗರ. ಕಬ್ಬಿಣಕ್ಕೆ ಕಬ್ಬಿಣ ಉಜ್ಜೋದು. ಗರಗರ ಬಂದಮೇಲೆ ಮೆಕ್ಯಾನಿಕ್ ಬಂದ್ರೂ ಒಂದೇ, ಬಿಟ್ರೂ ಒಂದೇ."

"ಪಲ್ಯ ಆರ್ತಿದೆ" ಅನ್ನುತ್ತಿದ್ದರು ಆಕೆ.

ಮಿಷಿನ್ನಿನ ಪೆಡಲ್ಲು ಒಣಗಿದಾಗ ಅದೂ ಸಣ್ಣಗೆ ಕುಂಯ್‌ಗುಡುವುದಿತ್ತು. ಆಗ ಅವನು ಬಚ್ಚಲಮನೆಯಲ್ಲಿದ್ದರೂ ಸರಿ, ಮೈತುಂಬ ಸೋಪಿದ್ದರೂ ಸರಿ, "ಲೇ! ಎಣ್ಣೆ!" ಅಂತ ಕೂಗು ಬರಬೇಕು. ಕೂಗು ಬಂದರೆ ಆಕೆ ಎಣ್ಣೆ ಬಿಡುವುದು. ಬೇರೆ ಲೆಕ್ಕ ಇಟ್ಟವರಲ್ಲ. ಒಂದು ವರ್ಷದಿಂದ ಕೂಗು ನಿಂತಿತ್ತು. ಪೆಡಲ್ಲು ಇಲಿಮರಿಯ ಹಾಗೆ ಕಿರುಚಿದರೂ ಅವನು ಪೇಪರ್ ಓದುತ್ತ ಸುಮ್ಮನಿರುತ್ತಿದ್ದ. ಆಕೆ ತಾಯಿಗೆ ಫೋನು ಮಾಡಿ, "ಅಮ್ಮಾ, ಇವರು ತುಂಬ ಬದಲಾಗಿದಾರೆ. ರೇಗೋದೇ ಇಲ್ಲ" ಎಂದು ಸಂತೋಷಪಟ್ಟರು. "ಡಾಕ್ಟರಿಗೆ ತೋರ್ಸು" ಅಂದರು ತಾಯಿ. ಆ ಹೆಂಗಸಿಗೆ ಅಳಿಯನ ಬಗ್ಗೆ ಮೊದಲಿಂದಲೂ ಸರಿಯಾದ ಅಂದಾಜಿತ್ತು.

ಆ ದಿನಗಳಲ್ಲೇ ನಿವೃತ್ತ ಹೆಡ್‌ಮೇಷ್ಟ್ರು ತಮ್ಮ ಹಳೆಯ ಕಾರು ತಂದರು. ಬ್ರೇಕ್ ಮುಟ್ಟಿದರೆ ಕುಂಯ್ ಅನ್ನುತ್ತದೆ ಎಂದು ದೂರು. ಕಿವಿಯಪ್ಪ ಕಣ್ಣು ಮುಚ್ಚಿ ಕೂತು ಬಂದ. ಅಂಚೆ ಕಚೇರಿಯ ಎದುರು ಬ್ರೇಕು ಹಾಕಿದಾಗ ಮುಖ ಅಲ್ಲಾಡಲಿಲ್ಲ. ಹಂಪಿನ ಮೇಲೆ ಮಾತ್ರ ದಪ್ಪ ದನಿಯ ಒಂದು ಕರ್ರ್ ಸಿಕ್ಕಿತು. "ಬುಶ್" ಎಂದು ಬರೆದು, ಸವೆದ ಆ ರಬ್ಬರು ಬುಶ್ ಬದಲಾಯಿಸಿ ಕಳಿಸಿದ. ಒಂದು ವಾರಕ್ಕೆ ಕಾರು ವಾಪಸ್ಸು ಬಂತು, ಕಲ್ಲು ಅರೆಯುವ ಯಂತ್ರದ ಸದ್ದು ಮಾಡುತ್ತ. ಬೀದಿಯ ತಿರುವಿನಲ್ಲೇ ಅದನ್ನು ಕೇಳಿ ಕಿವಿಯಪ್ಪನ ಮುಖ ಅರಳಿತು.

"ಈಗ ನೋಡಿ ಮೇಷ್ಟ್ರೇ! ಇದಕ್ಕೆ ಅಂತಾರೆ ಶಬ್ದ ಅಂತ. ಮುಂದೆ ಎಡ, ಪ್ಯಾಡು ಮುಗಿದು ಹೋಗಿದೆ, ಡಿಸ್ಕೂ ಹೋಯ್ತು."

"ಹೋದ ವಾರ ನಾನು ಹೇಳಿದ್ದು ಏನು ಹಾಗಾದ್ರೆ?"

"ಅದು ನಿಮ್ಮ ಭ್ರಮೆ."

"ನಲವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣ ಕೀರಿಸಿದವನು ನಾನು. ಕುಂಯ್ ಅಂದ್ರೆ ಏನು ಅಂತ ನಂಗೆ ಪಾಠ ಮಾಡ್ಬೇಡಪ್ಪ" ಅಂದರು ಮೇಷ್ಟ್ರು. ಆದರೂ ‘ಅದು ನಿನ್ನ ಭ್ರಮೆ’ ಎಂದು ತಾವೇ ಎಷ್ಟೋ ಹುಡುಗರಿಗೆ ಹೇಳಿದ್ದ ಮಾತು ತಮಗೇ ತಿರುಗಿ ಬಂದಂತಾಗಿ ಗೊಂದಲಕ್ಕೆ ಬಿದ್ದು, ಭ್ರಮೆ ಇದ್ದರೂ ಇರಬಹುದು ಎಂದು ಮನೆಗೆ ಹೋದರು. ದೊಡ್ಡ ಹೆಸರಿನ ಲಾಭ ಅದೇ. ತಪ್ಪು ಮಾಡಿದರೂ ಅನುಮಾನ ಎದುರಿಗಿದ್ದವರ ಮೇಲೆ ಹೋಗುತ್ತದೆ.

ಆಮೇಲೆ ಆ ಶನಿವಾರ ಬಂತು. ಕಿವಿಯಪ್ಪನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಬಾಡಿಗೆ ಕಾರು ಓಡಿಸುವವನು. ಮರುದಿನ ಬೆಳಿಗ್ಗೆ ಅಕ್ಕನನ್ನೂ ತಾಯಿಯನ್ನೂ ಕೂರಿಸಿಕೊಂಡು ಬೆಟ್ಟದ ಮೇಲಿರುವ ಚಿಕ್ಕಮ್ಮನ ಮನೆಗೆ ಹೋಗಬೇಕಿತ್ತು. ಚಿಕ್ಕಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ಬೆಟ್ಟದ ರಸ್ತೆಗೆ ಹನ್ನೊಂದು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ.

"ಭಾವ, ಹತ್ತು ದಿನದಿಂದ ಪ್ಯಾಸೆಂಜರ್‌ಗಳು ಬೈತಿದಾರೆ. ಬ್ರೇಕ್ ಹಾಕಿದ್ರೆ ಕಿರುಚ್ತಿದೆ" ಅಂದ.

ಕಿವಿಯಪ್ಪ ಹಿಂದೆ ಕೂತ. ಟ್ಯಾಂಕು, ಹಂಪು, ಅಂಚೆ ಕಚೇರಿ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಎದ್ದು ಓಡಿಹೋಯಿತು. ಕಿವಿಯಪ್ಪನ ಕಣ್ಣು ಮುಚ್ಚಿಯೇ ಇತ್ತು. ಶೆಡ್ಡಿಗೆ ಬಂದು, ಇಳಿದು, ಮುಂದಿನ ಎಡಟೈರಿನ ಮೇಲೆ ದುಂಡಗೆ ಬರೆದ: "ಏನಿಲ್ಲ."

"ಭಾವ! ಬೀದಿ ನಾಯಿಗಳು ಓಡಿಹೋಗ್ತಿವೆ ಆ ಶಬ್ದಕ್ಕೆ!"

"ನಾಯಿಗಳ ಮಾತು ಕೇಳಿ ನಾನು ಚಕ್ರ ಬಿಚ್ಚಲ್ಲ."

"ಹೋಗ್ಲಿ, ಬೇರೆ ಕಡೆ ತೋರಿಸ್ಲಾ?"

"ತೋರ್ಸು. ಕಿವಿಯಪ್ಪನ ಬಾಮೈದ ಬೇರೆ ಗ್ಯಾರೇಜಿಗೆ ಹೋದ ಅಂತ ಸಂಜೆಯೊಳಗೆ ಊರೆಲ್ಲ ಹಬ್ಬುತ್ತೆ. ಆಮೇಲೆ ಈ ಶೆಡ್ಡಿಗೆ ನೀನು ಕಾಲಿಡಬೇಡ, ನಿಮ್ಮಕ್ಕನ ಮನೆಗೂ ಇಡಬೇಡ."

ಬಾಮೈದ ಸೋತ. "ಆಯ್ತು ಭಾವ, ಏನಿಲ್ಲ ಅಂದ್ರೆ ಏನಿಲ್ಲ" ಎಂದು ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹಿಂದೆ ತೆಗೆದು, ಮುಂದೆ ತಂದು, ಬ್ರೇಕು ಒತ್ತಿದ. ಅದೇ ಹೊತ್ತಿಗೆ ಹೆಂಡತಿ ಊಟದ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಲ್ಲಿದ್ದರು. ಕುಂಯ್ ಅನ್ನುವ ಶಬ್ದ ಆಕೆಯ ಹಲ್ಲಿನ ಬೇರಿಗೆ ಇಳಿಯಿತು. ಎದುರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯವನು ಎರಡೂ ಕಿವಿ ಮುಚ್ಚಿಕೊಂಡ. ಬಾಮೈದ ಸ್ಟೀರಿಂಗ್ ಹಿಂದೆ ಮುಖ ಕಿವುಚಿದ. ಗಂಡ ಒಬ್ಬನೇ, ಮೀಸೆಯ ಒಂದು ಕೂದಲೂ ಅಲ್ಲಾಡದೆ, ಸ್ಪ್ಯಾನರ್ ಒರೆಸುತ್ತಿದ್ದ.

ಆಕೆ ಆ ಮುಖವನ್ನು ನೋಡಿದರು. ಹೊಲಿಗೆ ಮಿಷಿನ್ನಿನ ಮುಂದೆ ಪೇಪರ್ ಓದುವ ಮುಖವೂ ಅದೇ. ಒಂದು ವರ್ಷದ ಸಂತೋಷ ಒಂದು ಕ್ಷಣದಲ್ಲಿ ಕರಗಿತು.

"ರೀ, ಆ ಚಕ್ರ ಬಿಚ್ಚಿ ನೋಡಿ."

"ಬರೆದಾಯ್ತು."

"ನಾಳೆ ಅದ್ರಲ್ಲಿ ಕೂರೋರು ನಾನು, ನಮ್ಮಮ್ಮ."

"ನಿಮ್ಮಮ್ಮನಿಗೆ ಏನೂ ಆಗಲ್ಲ. ಬೆಟ್ಟಕ್ಕೆ ಆದ್ರೆ ಆಗ್ಬೇಕು."

ಅಂಗಡಿಯವನು ನಕ್ಕ. ಆಕೆ ನಗಲಿಲ್ಲ. ನಾಲ್ಕು ಜನರ ಮುಂದೆ ಇನ್ನೊಂದು ಮಾತಾಡಿದ್ದರೆ ಇಪ್ಪತ್ತೇಳು ವರ್ಷದ ಹೆಸರು ಅಲ್ಲೇ ನೆಲಕ್ಕೆ ಬೀಳುತ್ತಿತ್ತು, ಬಿದ್ದಮೇಲೆ ಅವನು ಹಟಕ್ಕಾದರೂ ಚಕ್ರ ಮುಟ್ಟುತ್ತಿರಲಿಲ್ಲ. ಅದು ಆಕೆಗೆ ಗೊತ್ತು.

"ಮನೆಗೆ ಬನ್ನಿ ಊಟಕ್ಕೆ."

"ಡಬ್ಬಿ ಕೈಯಲ್ಲೇ ಇದೆಯಲ್ಲ?"

"ಉಪ್ಪು ಹಾಕೋದು ಮರೆತೆ. ಬನ್ನಿ."

ಮನೆಯಲ್ಲಿ ಆಕೆ ಉಪ್ಪಿನ ಡಬ್ಬಿಯ ಕಡೆ ಹೋಗಲಿಲ್ಲ. ಮಿಷಿನ್ನಿನ ಮುಂದೆ ಕೂತು, ಒಂದು ಚಿಂದಿ ಬಟ್ಟೆ ಇಟ್ಟು, ಪೆಡಲ್ಲು ತುಳಿಯತೊಡಗಿದರು.

"ಏನ್ ಕೇಳಿಸ್ತಿದೆ?"

"ಮಿಷಿನ್ನು. ಟಕಟಕ."

"ಇನ್ನೇನು?"

"ಇನ್ನೇನು, ನಿನ್ನ ಮಾತು."

"ಪೆಡಲ್ಲು?"

"ಪೆಡಲ್ಲಿಗೇನು? ಎಣ್ಣೆ ಬಿಟ್ಟಿದೀಯ, ಸುಮ್ಮನಿದೆ."

"ಎಣ್ಣೆ ಬಿಟ್ಟು ಒಂದು ವರ್ಷ ಆಯ್ತು ರೀ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ನೆಲಕ್ಕೆ ಮಂಡಿಯೂರಿ, ಪೆಡಲ್ಲಿನ ಕೀಲನ್ನು ಬೆರಳಿಂದ ಸವರಿದ. ಒಣ ಕಪ್ಪು ಪುಡಿ ಬೆರಳಿಗೆ ಬಂತು. "ತುಳಿ" ಅಂದ. ಆಕೆ ತುಳಿದರು. ಬೆರಳಿಗೆ ಕಬ್ಬಿಣ ತರತರ ತೀಡುವುದು ಗೊತ್ತಾಗುತ್ತಿತ್ತು. ಹೆಂಡತಿ ಸುಳ್ಳು ಹೇಳಬಹುದು, ಬಾಮೈದ ಹೇಳಬಹುದು, ನಾಯಿ ಸಹ ಹೇಳಬಹುದು. ಆದರೆ ಇಪ್ಪತ್ತೇಳು ವರ್ಷ ಕೀಲು ಮುಟ್ಟಿದ ಬೆರಳು ಹೇಳುವುದಿಲ್ಲ. ಜೇಬಿನ ಉದ್ದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಕೀಲಿಗಿಟ್ಟು, ಎಂಜಿನ್ನಿನ ಒಳಸದ್ದು ಕೇಳುವಾಗಿನ ಹಾಗೆ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡ. "ಇನ್ನೊಂದ್ಸಲ." ತುಳಿದರು. "ಇನ್ನೊಂದ್ಸಲ." ತುಳಿದರು. ಎಡಗಿವಿಗೆ ಬದಲಾಯಿಸಿದ. ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಸದ್ದು ಅವನಿಗೆ ಚೆನ್ನಾಗಿ ಕೇಳಿಸಿತು, ಯಾಕೆ ಮುಚ್ಚಿದರು ಅನ್ನುವುದು ಮಾತ್ರ ಕೇಳಿಸಲಿಲ್ಲ.

"ಯಾರಿಗೆ ಹೇಳಿದೀಯ?" ಎನ್ನುವುದು ಅವನ ಮೊದಲ ಪ್ರಶ್ನೆ.

"ಯಾರಿಗೂ ಇಲ್ಲ. ನಂಗೇ ಈಗ ಗೊತ್ತಾಗಿದ್ದು. ದಪ್ಪ ಶಬ್ದ ಎಲ್ಲ ಕೇಳಿಸುತ್ತೆ ನಿಮಗೆ. ಸಣ್ಣದು ಹೋಗಿದೆ. ಕುಂಯ್ ಕೇಳಿಸಲ್ಲ, ಗರಗರ ಕೇಳಿಸುತ್ತೆ. ಸತ್ತಮೇಲೆ ಬಂದು ನಾಡಿ ಹಿಡಿಯೋ ಡಾಕ್ಟರಾಗಿಬಿಟ್ರಿ."

ಅವನು ನೆಲದ ಮೇಲೇ ಕೂತಿದ್ದ. ಗ್ರೀಸಿನ ಪ್ಯಾಂಟಿನಲ್ಲಿ ನೆಲಕ್ಕೆ ಕೂತದ್ದಕ್ಕೆ ಬೇರೆ ದಿನವಾಗಿದ್ದರೆ ಬೈಗುಳ ಬೀಳುತ್ತಿತ್ತು.

"ಮೇಷ್ಟ್ರ ಕಾರು" ಅಂದ ಕೊನೆಗೆ.

"ಹೂಂ."

"ಭ್ರಮೆ ಅಂದ್ಬಿಟ್ಟೆ ಅವರಿಗೆ."

"ಹೂಂ. ಈಗ ಏಳಿ, ಹೋಗಿ ಆ ಚಕ್ರ ಬಿಚ್ಚಿ. ನನ್ನ ಕಾಟಕ್ಕೆ ಬಿಚ್ಚಿದೆ ಅಂತ ಹೇಳಿ. ಹೆಂಡತಿ ಕಾಟ ಅಂದ್ರೆ ಊರಲ್ಲಿ ಯಾವ ಗಂಡಸೂ ಎದುರು ಪ್ರಶ್ನೆ ಕೇಳಲ್ಲ."

ಶೆಡ್ಡಿಗೆ ಬಂದು ಹಾಗೇ ಹೇಳಿದ. "ನಿಮ್ಮಕ್ಕನ ಕಾಟ" ಎಂದು ಗೊಣಗುತ್ತ ಜಾಕಿ ಏರಿಸಿದ. ಬಾಮೈದನಿಗೂ ಅಂಗಡಿಯವನಿಗೂ ತಕ್ಷಣ ಅರ್ಥವಾಗಿ, ಇಬ್ಬರೂ ಸಹಾನುಭೂತಿಯಿಂದ ತಲೆಯಾಡಿಸಿದರು. "ಏನಿಲ್ಲ" ಅನ್ನುವ ತೀರ್ಪಿನ ಸಮೇತ ಚಕ್ರ ಹೊರಗೆ ಬಂತು.

ಪ್ಯಾಡು ಉಗುರಿನಷ್ಟು ಉಳಿದಿತ್ತು. ತಗಡಿನ ಪುಟ್ಟ ನಾಲಿಗೆ ಡಿಸ್ಕಿಗೆ ಅಂಟಿಕೊಂಡು, ಅದರ ಸುತ್ತ ಬೆಳ್ಳಿಯ ಹಾಗೆ ಹೊಳೆಯುವ ಉಂಗುರ ಕೊರೆದಿತ್ತು. ಹತ್ತು ದಿನ ಅದು ಕೂಗಿದ್ದಷ್ಟೂ ಅಲ್ಲಿ ಗೆರೆಯಾಗಿ ಬಿದ್ದಿತ್ತು. ಕಿವಿಯಪ್ಪ ಆ ಗೆರೆಯ ಮೇಲೆ ಹೆಬ್ಬೆರಳು ಓಡಿಸಿದ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ದಾರಿ ಇನ್ನೂ ತೆರೆದೇ ಇತ್ತು. ಪ್ಯಾಡು ಸದ್ದಿಲ್ಲದೆ ಸವೆದಿದೆ, ಕಳಪೆ ಮಾಲು ಎಂದು ಅಂಗಡಿಯವನ ಮೇಲೆ ಹಾಕಬಹುದಿತ್ತು. ಅಂಗಡಿಯವನು ಆಗಲೇ ಮುಖ ಗಂಟಿಕ್ಕಿ, ಜಗಳಕ್ಕೆ ತಯಾರಾಗಿ, ಎರಡು ಹೆಜ್ಜೆ ಮುಂದೆ ಬಂದಿದ್ದ. ಕಿವಿಯಪ್ಪ ಬಾಯಿ ತೆರೆದ. "ಈ ಪ್ಯಾಡು ಇದೆಯಲ್ಲ..." ಅಂದ. ಶೆಡ್ಡಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದರು, ನಾಳೆ ಆ ಕಾರಿನಲ್ಲಿ ಕೂರಲಿರುವವರು.

"ಕುಂಯ್ ಅಂತಿತ್ತಾ?" ಎಂದು ಬಾಮೈದನನ್ನು ಕೇಳಿದ.

"ಹತ್ತು ದಿನದಿಂದ ಭಾವ."

"ನಂಗೆ ಕೇಳಿಸ್ಲಿಲ್ಲ ಕಣೋ. ಈಗ ಒಂದು ವರ್ಷದಿಂದ ಕೇಳಿಸ್ತಿಲ್ಲ. ನಿಮ್ಮಕ್ಕನ ಮಿಷಿನ್ನೂ ಕೇಳಿಸ್ತಿಲ್ಲ."

ಭಾವನನ್ನು ಕಾಡಿಸಲು ಒಂದು ಅವಕಾಶಕ್ಕಾಗಿ ಹದಿನೈದು ವರ್ಷ ಕಾದಿದ್ದ ಬಾಮೈದ ಬಗ್ಗಿ ನೆಲದ ಮೇಲಿನ ನಟ್ಟುಗಳನ್ನು ಆರಿಸತೊಡಗಿದ. ಕೊನೆಗೆ ಕಿವಿಯಪ್ಪನೇ ಹೇಳಬೇಕಾಯಿತು. "ನಾಯಿ ಸರಿಯಾಗೇ ಹೇಳಿತ್ತು" ಅಂದ. ಆಮೇಲೆ ಅಂಗೈಗೆ ಉಗುಳು ಹಚ್ಚಿ, ಟೈರಿನ ಮೇಲಿನ "ಏನಿಲ್ಲ"ವನ್ನು ಉಜ್ಜಿ ಅಳಿಸಿದ. ಅಂಗಡಿಯವನು ಜಗಳ ಮರೆತು ಹೊಸ ಪ್ಯಾಡು ತರಲು ಓಡಿದ.

ಅಳಿಸುವುದು ಅಲ್ಲಿಗೇ ಮುಗಿಯಲಿಲ್ಲ. ಆ ವರ್ಷ "ಏನಿಲ್ಲ" ಎಂದು ಬರೆದು ಕಳಿಸಿದ್ದು ಒಂಬತ್ತು ಕಾರು. ಒಂದೊಂದೂ ನೆನಪಿತ್ತು, ಕಿವಿ ಹೋದರೂ ತಲೆ ಹೋಗಿರಲಿಲ್ಲ. ಮರುದಿನ, ಹೆಂಡತಿ ಅತ್ತೆ ಇಬ್ಬರೂ ಬೆಟ್ಟ ಹತ್ತುತ್ತಿದ್ದ ಹೊತ್ತಿನಲ್ಲಿ, ಅವನು ಜಾಕಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹೋದ. ಬಾಗಿಲು ಬಡಿದು, "ಚಕ್ರ ಬಿಚ್ಚಿ ನೋಡ್ಬೇಕಿತ್ತು" ಅಂದರೆ ಜನ ಗಾಬರಿಯಾಗದೆ ಇರುತ್ತಾರೆಯೇ? ಒಬ್ಬಾಕೆ ಯಾರೋ ಟೈರು ಕಳ್ಳ ಎಂದು ಬಾಗಿಲು ಹಾಕಿಕೊಂಡರು. ಏಳು ಕಾರಿಗೆ ನಿಜವಾಗಿಯೂ ಏನಿರಲಿಲ್ಲ. ಎರಡಕ್ಕೆ ಇತ್ತು. ಅದರಲ್ಲೊಂದು ವಕೀಲರದು. "ಈ ಸಲ ಗೋಲಿ ಅಲ್ಲ ಸಾರ್, ನಾನು" ಅಂದ.

ಹೆಡ್‌ಮೇಷ್ಟ್ರ ಮನೆಗೆ ಕೊನೆಯಲ್ಲಿ ಹೋದ. ಅವರ ಕಾರಿನಲ್ಲಿ ನೋಡುವುದೇನೂ ಉಳಿದಿರಲಿಲ್ಲ.

"ಮೇಷ್ಟ್ರೇ, ಭ್ರಮೆ ನಿಮ್ಮದಲ್ಲ. ನಂದು."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಕುಂಯ್ ಅಂದ್ರೆ ಏನು ಅಂತ ಈಗ ಗೊತ್ತಾಯ್ತಾ?"

"ಗೊತ್ತು, ಕೇಳಿಸಲ್ಲ ಅಷ್ಟೇ."

"ಹಾಗಾದ್ರೆ ನೂರು ಸಲ ಬರಿ" ಅಂದರು. ತಮಾಷೆಗೆ ಅಂದರೋ, ಅಭ್ಯಾಸಬಲವೋ ತಿಳಿಯಲಿಲ್ಲ. ಕಿವಿಯಪ್ಪ ಕಿವಿಯ ಸಂದಿಯ ಸೀಮೆಸುಣ್ಣಕ್ಕೆ ಕೈ ಹಾಕಿದ್ದನ್ನು ಕಂಡು, "ಟೈರಿನ ಮೇಲಲ್ಲ" ಎಂದು ಒಳಗೆ ಕರೆದು ಕಾಫಿ ಕೊಟ್ಟರು.

ಸೋಮವಾರ ಬೆಟ್ಟದಿಂದ ಬಾಮೈದ ವಾಪಸ್ಸಾದ. "ಬ್ರೇಕು ಬೆಣ್ಣೆ ಭಾವ. ಆದ್ರೆ ಹಿಂದಿನ ಸೀಟಿಂದ ಒಂದು ಶಬ್ದ ಹನ್ನೊಂದು ತಿರುವಿಗೂ ನಿಲ್ಲಲಿಲ್ಲ."

"ಗರಗರವೋ, ಕುಂಯ್ಯೋ?"

"ಎರಡೂ. ನಮ್ಮಮ್ಮ."

"ಅದಕ್ಕೆ ಸ್ಪೇರ್ ಸಿಗಲ್ಲ" ಅಂದ ಕಿವಿಯಪ್ಪ.

ಮಂಗಳವಾರ ನಾನು ನನ್ನ ಕಾರು ತೆಗೆದುಕೊಂಡು ಹೋದೆ. ಅವನು ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ. ಇನ್ನೊಂದು ಬಾಗಿಲು ತೆರೆಯಿತು. ಅಂಚು ಹೊಲಿಯುತ್ತಿದ್ದ ಅಂಗಿಯನ್ನು ಹಿಡಿದುಕೊಂಡೇ ಅವನ ಹೆಂಡತಿ ಒಳಗೆ ಬಂದು, "ಸರೀರಿ ಆ ಕಡೆ" ಎಂದು ಮಹಾರಾಜರನ್ನು ತಳ್ಳಿದರು. ನಾನು ತಿರುಗಿ ನೋಡಿದೆ.

"ಕುಂಯ್ ಇವರದು, ಟಕ್ ನಂದು. ನಡೀರಿ" ಅಂದ ಕಿವಿಯಪ್ಪ.

ಅಂಚೆ ಕಚೇರಿಯ ಎದುರು ಬ್ರೇಕು ಒತ್ತಿದಾಗ ಕನ್ನಡಿಯಲ್ಲಿ ನೋಡಿದೆ. ಆಕೆಯ ಕೈಯ ಸೂಜಿ ಗಾಳಿಯಲ್ಲೇ ನಿಂತಿತು. ಕಣ್ಣು ಮುಚ್ಚಿದ್ದ ಅವನ ಮೊಣಕೈಯನ್ನು ಆಕೆ ಮೆಲ್ಲಗೆ ತಿವಿದರು. "ಎಡಗಡೆ. ಮುಂದೆ." ಅವನು ತಲೆಯಾಡಿಸಿದ, ತಾನೇ ಕಂಡುಹಿಡಿದವನ ಗತ್ತಿನಲ್ಲಿ. ಟೈರಿನ ಮೇಲೆ ಈಗ ತೀರ್ಪಿನ ಕೆಳಗೆ ಸಣ್ಣದೊಂದು ಅಡ್ಡಗೆರೆ ಬೀಳುತ್ತದೆ. ಆಕೆ ಕೇಳಿದ್ದು ಅಂತ ಗುರುತು. ಆ ಗುರುತು ಬೇಕು ಅಂತ ಕೇಳಿದ್ದೂ ಆಕೆಯೇ.

ಪೆಡಲ್ಲಿಗೆ ಎಣ್ಣೆ ಬಿಡುವ ಕೆಲಸವನ್ನು ಆ ಶನಿವಾರದಿಂದ ಅವನೇ ವಹಿಸಿಕೊಂಡಿದ್ದಾನೆ. ಕೇಳಿಸದ್ದಕ್ಕೆ ಎಣ್ಣೆ ಬಿಡುವುದು ಕಷ್ಟದ ಕೆಲಸ, ಎಲ್ಲಿ ನಿಲ್ಲಿಸಬೇಕು ಅನ್ನುವುದು ತಿಳಿಯುವುದಿಲ್ಲ. ಎರಡು ಹನಿ ಬಿಟ್ಟು, ಮಂಡಿಯೂರಿ, ಮೇಲೆ ನೋಡಿ ಕೇಳುತ್ತಾನೆ: "ಈಗ?"

"ಇನ್ನೂ ಸ್ವಲ್ಪ ಕುಂಯ್ ಅಂತಿದೆ" ಅನ್ನುತ್ತಾರೆ ಆಕೆ.

ಇನ್ನೆರಡು ಹನಿ. "ಈಗ?"

"ಇನ್ನೂ ಇದೆ. ಹಾಗೇ ಆ ಕಸದ ಪೊರಕೆ ಕೈಗೆ ಸಿಗುತ್ತೆ ನೋಡಿ, ಮಿಷಿನ್ನಿನ ಕೆಳಗೂ ಒಂದ್ಸಲ ಗುಡಿಸಿಬಿಡಿ."

ಪೆಡಲ್ಲು ನಿಜವಾಗಿ ಕುಂಯ್ ಅನ್ನುತ್ತಿದೆಯೋ ಇಲ್ಲವೋ ತಿಳಿಯುವ ದಾರಿ ಅವನಿಗಿಲ್ಲ. ಗುಡಿಸುತ್ತಾನೆ.